ಬಾಡಿ ಮೇಲೆ ಹೋಯಿತು, ಫ್ಯಾನ್ ಅಲ್ಲೇ ಉಳಿಯಿತು

ನಾನು ಕೊಂಡ 1978ರ ಷೆವ್ರೊಲೆ ಕೆ10 ಪಿಕಪ್‌ಗೆ ಹಿಂದಿನ ಮಾಲೀಕರು 3 ಇಂಚಿನ ಬಾಡಿ ಲಿಫ್ಟ್ ಹಾಕಿಸಿದ್ದರು, ಅಂದರೆ ಚಾಸಿಸ್ ಮೇಲಿಂದ ಬಾಡಿಯನ್ನಷ್ಟೇ ಎತ್ತರಿಸಿದ್ದರು. ದೊಡ್ಡ ಟೈರುಗಳಿಗೆ ಜಾಗ ಬೇಕಿತ್ತು, ಸಿಕ್ಕಿತು. ಆದರೆ ರೇಡಿಯೇಟರಿನ ಹಿಂದೆ ಫ್ಯಾನನ್ನು ಸುತ್ತುವರಿಯುವ ಪ್ಲಾಸ್ಟಿಕ್ ಹೊದಿಕೆ, ಫ್ಯಾನ್ ಶ್ರೌಡ್, ಮಾತ್ರ ನಾಪತ್ತೆಯಾಗಿತ್ತು. ಹೆದ್ದಾರಿಯಲ್ಲಿ ಗಾಡಿ ತಣ್ಣಗೆ ಓಡುತ್ತಿತ್ತು. ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು, ಬಿಸಿಯ ಮುಳ್ಳು ಮೇಲೇರತೊಡಗುತ್ತಿತ್ತು. ಮೊದಲು ಬಿಸಿ ಏರಿದಾಗ ರೇಡಿಯೇಟರಿಗೆ ದಾರಿ ತೆರೆಯುವ ಥರ್ಮೋಸ್ಟಾಟ್ ಬದಲಿಸಿದೆ, ಆಮೇಲೆ ವಾಟರ್ ಪಂಪ್, ಕೊನೆಗೆ ಫ್ಯಾನ್ ಕ್ಲಚ್. ಮೂರೂ ದಂಡ.

ಗುಟ್ಟು ಬಿಟ್ಟುಕೊಟ್ಟದ್ದು ಒಂದು ಹಾಳೆ ಕಾಗದ. ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ರೇಡಿಯೇಟರಿನ ಮುಖಕ್ಕೆ ಕಾಗದ ಹಿಡಿದೆ. ನಡುವೆ ಗಪ್ಪನೆ ಅಂಟಿಕೊಂಡಿತು. ಮೂಲೆಗೆ ಸರಿಸಿದರೆ ಜಾರಿ ಬಿತ್ತು. ನಾಲ್ಕೂ ಮೂಲೆಗಳಲ್ಲಿ ಅದೇ ಕಥೆ. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಎಳೆದುಕೊಳ್ಳಬೇಕು. ಶ್ರೌಡ್ ಇಲ್ಲದ ಫ್ಯಾನ್ ತನ್ನೆದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಎಳೆಯುತ್ತದೆ. ಸಾಲದ್ದಕ್ಕೆ, ಹಿಂದಕ್ಕೆ ದೂಡಿದ ಬಿಸಿಗಾಳಿ ರೆಕ್ಕೆಗಳ ತುದಿಯನ್ನು ಬಳಸಿಕೊಂಡು ಮತ್ತೆ ಮುಂದಕ್ಕೇ ಬರುತ್ತದೆ.

ಹಳೆಯ ಅಳತೆಯದೇ ಶ್ರೌಡ್ ತಂದು ಹಿಡಿದು ನೋಡಿದಾಗ ಅದನ್ನು ಏಕೆ ಬಿಚ್ಚಿ ಎಸೆದಿದ್ದರೆಂದು ತಿಳಿಯಿತು. ಬಾಡಿ ಲಿಫ್ಟ್‌ನಲ್ಲಿ ಬಾಡಿಯೊಂದಿಗೆ ರೇಡಿಯೇಟರಿನ ಚೌಕಟ್ಟೂ ಮೇಲೇರುತ್ತದೆ. ಎಂಜಿನ್ ಚಾಸಿಸ್ ಮೇಲೆ ಕೂತಿರುವುದರಿಂದ ಅದಕ್ಕೆ ಜೋಡಿಸಿದ ಫ್ಯಾನ್ ಇದ್ದಲ್ಲೇ ಉಳಿಯುತ್ತದೆ. ನನ್ನ ಫ್ಯಾನ್ 18 ಇಂಚು, ಶ್ರೌಡಿನ ಬಳೆ, ಅಂದರೆ ಫ್ಯಾನ್ ತಿರುಗುವ ದುಂಡು ಬಾಯಿ, 20 ಇಂಚು. ಸುತ್ತಲೂ ಒಂದೊಂದು ಇಂಚು ಬಿಡುವು ಇರಬೇಕಾದದ್ದು. ಬಳೆ 3 ಇಂಚು ಮೇಲಕ್ಕೆ ಹೋದ ಮೇಲೆ ಮೇಲ್ಗಡೆ 4 ಇಂಚು ಖಾಲಿ, ಕೆಳಗಡೆ ರೆಕ್ಕೆಗಳ ದಾರಿಗೆ 2 ಇಂಚು ಪ್ಲಾಸ್ಟಿಕ್ ಅಡ್ಡ.

ಕೇಳಿದವರೆಲ್ಲ ಹೇಳಿದ್ದು ಒಂದೇ: ಎಲೆಕ್ಟ್ರಿಕ್ ಫ್ಯಾನ್ ಹಾಕಿಬಿಡಿ. ನಾನು ಒಪ್ಪಲಿಲ್ಲ. ದೊಡ್ಡ ಜೋಡಿ ಫ್ಯಾನುಗಳು 30 ಆಂಪಿಯರ್‌ಗಿಂತ ಹೆಚ್ಚು ಎಳೆಯುವುದು ಮಾಮೂಲು. ಗಾಡಿಗೆ ವಿದ್ಯುತ್ ಕೊಡುವ ನನ್ನ ಹಳೆಯ ಆಲ್ಟರ್ನೇಟರಿನ ಶಕ್ತಿಯೇ 63 ಆಂಪಿಯರ್, ಅದೂ ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನ ಓಡುವಾಗ) ಅಷ್ಟು ಕೊಡುವುದಿಲ್ಲ. ಫ್ಯಾನಿಗಾಗಿ ಆಲ್ಟರ್ನೇಟರ್, ಆಲ್ಟರ್ನೇಟರಿಗಾಗಿ ವೈರಿಂಗ್ ಎಂದು ಹೊರಟರೆ ಮುಗಿಯುವ ಮಾತಲ್ಲ.

ಆ 3 ಇಂಚನ್ನು ಎರಡು ಪಾಲು ಮಾಡಿದೆ. ರೇಡಿಯೇಟರನ್ನು ಚೌಕಟ್ಟಿನೊಳಗೆ ಒಂದೂವರೆ ಇಂಚು ಇಳಿಸುವುದು, ಶ್ರೌಡನ್ನು ರೇಡಿಯೇಟರಿನ ಮೇಲೆ ಇನ್ನೊಂದು ಒಂದೂವರೆ ಇಂಚು ಇಳಿಸುವುದು. ಮೂರನ್ನೂ ರೇಡಿಯೇಟರಿನಲ್ಲೇ ಇಳಿಸಲು ಅಡಿಯಲ್ಲಿ ಜಾಗವಿರಲಿಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಇಳಿಸಿದೆ. ಅದನ್ನು ಮುಚ್ಚಳವಿರುವ ಡಬ್ಬಕ್ಕೇ ಹಾಕಬೇಕು. ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಬರುತ್ತದೆ. ಕೆಳಗಿನ ರಬ್ಬರ್ ದಿಂಬುಗಳ ಆಸರೆಯನ್ನು ಕಬ್ಬಿಣದ ಎಲ್ ಪಟ್ಟಿಗಳಲ್ಲಿ ಹೊಸದಾಗಿ ಮಾಡಿಕೊಂಡು ರೇಡಿಯೇಟರ್ ಕೂರಿಸಿದೆ. ಗಾಡಿಗೆ ಮ್ಯಾನುವಲ್ ಗೇರ್ ಇರುವುದರಿಂದ, ಆಟೊಮ್ಯಾಟಿಕ್ ಗಾಡಿಗಳಲ್ಲಿ ರೇಡಿಯೇಟರಿಗೆ ಬರುವ ಗೇರ್ ಎಣ್ಣೆಯ ಕೊಳವೆಗಳ ಗೋಜು ಇರಲಿಲ್ಲ.

ಶ್ರೌಡಿನ ಕೆಲಸ ನಿಧಾನದ್ದು. ಕೆಳಗೆ ಸರಿಸಿದ್ದರಿಂದ ರೇಡಿಯೇಟರಿನ ಮೇಲಿನ ಒಂದೂವರೆ ಇಂಚು ಶ್ರೌಡಿನಿಂದ ಹೊರಗುಳಿಯಿತು. ಮೊದಲು ಅಲ್ಲಿ ಸಪಾಟು ತಗಡು ಬಡಿದು ಮುಚ್ಚಿದೆ. ಮುಚ್ಚಿದ ಮೇಲೆ ಹೊಳೆಯಿತು, ಅಷ್ಟು ರೇಡಿಯೇಟರನ್ನು ನಾನೇ ಕೊಂದುಹಾಕಿದ್ದೆ. ತಗಡು ಕಿತ್ತು, ಶ್ರೌಡಿನ ಮೇಲಿನ ಗೋಡೆಯನ್ನೇ ಹ್ಯಾಕ್ಸಾದಲ್ಲಿ ಕೊಯ್ದು, ಅಲ್ಯೂಮಿನಿಯಂ ತಗಡನ್ನು ಸೂರಿನಂತೆ ಬಗ್ಗಿಸಿ ರಿವೆಟ್ ಹೊಡೆದೆ. ಅಳತೆಗೆ ಮೊದಲು ರಟ್ಟಿನಲ್ಲಿ ಮಾದರಿ ಮಾಡಿದ್ದು ಒಳ್ಳೆಯದಾಯಿತು, ಮೂರು ರಟ್ಟು ಹಾಳಾದವು, ತಗಡು ಒಂದೂ ಹಾಳಾಗಲಿಲ್ಲ. ಕೆಳಗಡೆ ರೇಡಿಯೇಟರನ್ನು ದಾಟಿ ಇಳಿದ ಅಂಚನ್ನು ಮಾತ್ರ ಮುಚ್ಚಲೇಬೇಕು. ಇಲ್ಲದಿದ್ದರೆ ಗಾಳಿ ರೇಡಿಯೇಟರನ್ನು ತಪ್ಪಿಸಿ ಸುಲಭದ ದಾರಿಯಲ್ಲೇ ಬರುತ್ತದೆ. ಸಂದುಗಳಿಗೆ ಫೋಮ್ ಪಟ್ಟಿ. ಆಳದ ಲೆಕ್ಕ ಬೇರೆ: ರೆಕ್ಕೆಯ ಅಗಲದಲ್ಲಿ ಅರ್ಧದಷ್ಟು ಬಳೆಯ ಒಳಗೆ, ಅರ್ಧ ಹೊರಗೆ. ಬಾಡಿ ನೇರ ಮೇಲೆ ಹೋಗಿದ್ದರಿಂದ ಅದು ತಾನಾಗಿಯೇ ಸರಿಯಿತ್ತು.

ಕೈಯಲ್ಲಿ ಫ್ಯಾನ್ ತಿರುಗಿಸಿದರೆ ಸುತ್ತಲೂ ಇಂಚು ಬಿಡುವು. ಖುಷಿಯಿಂದ ಹೊರಟೆ. ಮೊದಲ ಏರಿನಲ್ಲಿ ಗೇರ್ ಹಾಕಿ ಒತ್ತಿದ್ದೇ ಕರಕರ ಸದ್ದು. ಬಾನೆಟ್ ಎತ್ತಿದರೆ ಬಳೆಯ ಮೇಲಂಚಿನಲ್ಲಿ ಬೆರಳುದ್ದದ ಹೊಳೆಯುವ ಗೀರು, ಪಕ್ಕದಲ್ಲಿ ಪ್ಲಾಸ್ಟಿಕ್ ಪುಡಿ. ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ. ಈ ವಿ8 ಎಂಜಿನ್ ಜೋರು ಕೊಟ್ಟಾಗ ಎಡಬದಿಯಲ್ಲಿ ಮೇಲೇಳಲು ನೋಡುತ್ತದೆ. ಅದನ್ನು ಹಿಡಿದಿಡಬೇಕಾದ ಎಡಗಡೆಯ ಎಂಜಿನ್ ಮೌಂಟಿಂಗ್‌ನ ರಬ್ಬರ್ ವಯಸ್ಸಾಗಿ ಎರಡು ಹೋಳಾಗಿತ್ತು. ಶ್ರೌಡ್ ಇಲ್ಲದಷ್ಟು ದಿನ ಎಂಜಿನ್ ಎಷ್ಟು ಕುಣಿದರೂ ತಿಳಿಯುತ್ತಿರಲಿಲ್ಲ. ಶ್ರೌಡ್ ಕೂರಿಸುವವರು ಮೊದಲು ಮೌಂಟಿಂಗ್‌ಗಳನ್ನು ಸನ್ನೆಕೋಲು ಹಾಕಿ ಮೀಟಿ ನೋಡಬೇಕು. ನಾನು ಅದನ್ನು ಕೊನೆಯಲ್ಲಿ ಕಲಿತೆ.

ಎರಡೂ ಬದಿಗೆ ಹೊಸ ಮೌಂಟಿಂಗ್ ಹಾಕಿದ ಮೇಲೆ ಸದ್ದು ಅಡಗಿತು. ಈಗ ಇಪ್ಪತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿದರೂ ಮುಳ್ಳು ಥರ್ಮೋಸ್ಟಾಟ್ ತೆರೆಯುವ 195 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 91 ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾಗದವನ್ನೂ ಮತ್ತೆ ಹಿಡಿದು ನೋಡಿದೆ. ಮೇಲಿನ ಎಡಮೂಲೆಯಲ್ಲಿ ಸ್ವಲ್ಪ ಸಡಿಲ; ಅಲ್ಲಿ ಫೋಮ್ ಪಟ್ಟಿ ಅರ್ಧ ಇಂಚು ಗಿಡ್ಡವಾಗಿದೆ.