ಬೇರು ಹಿಡಿದು ಅನಾಟಮಿ ಹೆಸರು ಕಲಿತಿದ್ದು: ನನ್ನ ಅನುಭವ

ಲ್ಯಾಟಿನ್, ಗ್ರೀಕ್ ಪದಗಳ ಬೇರು ಹಿಡ್ಕೊಂಡು ಅನಾಟಮಿ ಓದ್ತೀನಿ ಅಂದಾಗ ಸೀನಿಯರ್‌ಗಳು "ಭಾಷೆ ಕಲಿಯೋಕೆ ಬಂದಿದೀಯಾ, ಡಾಕ್ಟರಾಗೋಕಾ" ಅಂದ್ರು. ಈಗ ಜೂನಿಯರ್‌ಗಳು ನನ್ನ ನೋಟ್‌ಬುಕ್ ಜೆರಾಕ್ಸ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಶುರುನಲ್ಲಿ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ, ಬಣ್ಣದ ಅಟ್ಲಾಸ್ ಎರಡು ತಗೊಂಡಿದ್ದೆ, ತಿಂಗಳ ಖರ್ಚಿನ ದುಡ್ಡೆಲ್ಲ ಅಲ್ಲೇ ಹೋಯ್ತು, ಆದ್ರೂ ರಾತ್ರಿ ಬಾಯಿಪಾಠ ಮಾಡಿದ್ದು ವೈವಾ (ಬಾಯಿಮಾತಿನ ಪರೀಕ್ಷೆ) ಟೇಬಲ್ ಮುಂದೆ ಒಂದೂ ಬರ್ತಿರ್ಲಿಲ್ಲ.

ದಾರಿ ತೋರಿಸಿದ್ದು ಕತ್ತಿನ ಪಕ್ಕದ ಒಂದು ಸ್ನಾಯು, ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಒಡೆದು ನೋಡಿ, ಸ್ಟರ್ನಾನ್ ಅಂದ್ರೆ ಗ್ರೀಕ್‌ನಲ್ಲಿ ಎದೆ, ಕ್ಲೈಸ್ ಅಂದ್ರೆ ಬೀಗದ ಕೈ (ಲ್ಯಾಟಿನ್‌ನ ಕ್ಲಾವಿಕುಲಾ, ಅಂದ್ರೆ ಕಾಲರ್ ಮೂಳೆ, ಅದೂ ಪುಟ್ಟ ಬೀಗದ ಕೈನೇ), ಮಾಸ್ಟೋಸ್ ಅಂದ್ರೆ ಸ್ತನ, ಕೊನೇ ಆಯ್ಡ್ ಅಂದ್ರೆ ಆ ಆಕಾರದ್ದು, ಇಲ್ಲಿ ಕಿವಿ ಹಿಂದಿನ ಮೂಳೆಯ ಉಬ್ಬು. ಒರಿಜಿನ್ (ಸ್ನಾಯು ಶುರುವಾಗೋ ಜಾಗ) ಎರಡೂ, ಇನ್ಸರ್ಷನ್ನೂ (ಅದು ಹೋಗಿ ಅಂಟೋ ಜಾಗ) ಹೆಸರಲ್ಲೇ ಬಂದ್ಬಿಡ್ತು! ಮುಖ ಬಲಕ್ಕೆ ತಿರುಗಿಸಿ ಎಡಗಿವಿ ಹಿಂದಿನ ಉಬ್ಬಿನಿಂದ ಎದೆಮೂಳೆವರೆಗೆ ಬೆರಳು ಇಳಿಸಿದ್ರೆ ಹೆಸರನ್ನ ಹಿಂದಿನಿಂದ ಮುಂದಕ್ಕೆ ಓದ್ದಂಗೇ.

ಆಮೇಲೆ ಪುಟಕ್ಕೆ ಎರಡು ಕಾಲಂ ಹಾಕಿದೆ, ಎಡಕ್ಕೆ ಲ್ಯಾಟಿನ್, ಬಲಕ್ಕೆ ಗ್ರೀಕ್. ಫಿಬ್ಯುಲಾ (ಮಂಡಿ ಕೆಳಗಿನ ತೆಳು ಮೂಳೆ) ಎದುರು ಪೆರೋನೆ, ಎರಡೂ ಬಟ್ಟೆಗೆ ಹಾಕೋ ಪಿನ್ನೇ, ಹಾಗಾಗಿ ಪೆರೋನಿಯಲ್ ನರ್ವ್, ಫಿಬ್ಯುಲರ್ ನರ್ವ್ ಒಂದೇ ಅಂತ ಯಾರೂ ಹೇಳಿಕೊಡೋದು ಬೇಕಾಗ್ಲಿಲ್ಲ. ರೆನ್ ಎದುರು ನೆಫ್ರೋಸ್, ಎರಡೂ ಕಿಡ್ನಿ; ಯೂಟೆರಸ್ ಎದುರು ಹಿಸ್ಟೆರಾ, ಎರಡೂ ಗರ್ಭಕೋಶ. ಅಂಗದ ಹೆಸರು ಹೆಚ್ಚಾಗಿ ಲ್ಯಾಟಿನ್, ರೋಗ ಆಪರೇಷನ್ ಹೆಸರು ಹೆಚ್ಚಾಗಿ ಗ್ರೀಕ್: ಕಿಡ್ನಿಯ ರಕ್ತನಾಳ ರೀನಲ್ ಆರ್ಟರಿ, ಆದ್ರೆ ಕಿಡ್ನಿಯ ಉರಿಯೂತ ನೆಫ್ರೈಟಿಸ್. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸುಮಾರು 50,000 ಹೆಸರನ್ನ 5,000ದ ಹತ್ರಕ್ಕೆ ಇಳಿಸಿ ಲ್ಯಾಟಿನ್ ಪಟ್ಟಿ ಮಾಡಿದ್ರಂತೆ, ಅದಕ್ಕೆ ಮುಂಚೆ ಓದಿದವರ ಪಾಡು ಯೋಚಿಸಿ.

ಮಧ್ಯೆ ಇನ್ನೊಂದು ಪ್ರಯೋಗ, ನಮಗೆ ಗೊತ್ತಿರೋ ಸಂಸ್ಕೃತ ಪದಗಳ ಜೊತೆ ಹೊಂದಿಸೋದು. ಲ್ಯಾಟಿನ್ ಗೆನು ನಮ್ಮ ಜಾನು (ಮಂಡಿ), ಡೆನ್ಸ್ ದಂತ, ನಾಸುಸ್ ನಾಸಿಕ, ಗ್ರೀಕ್ ಆಸ್ಟಿಯಾನ್ ಅಸ್ಥಿ, ಎಲ್ಲ ಒಂದೇ ಮೂಲದ ಬಳಗ. ಹಂಗಂತ ಕೇಳೋಕೆ ಒಂದೇ ಥರ ಇದ್ದಿದ್ದೆಲ್ಲ ನೆಂಟರಲ್ಲ, ಮಾಸ್ಟಾಯ್ಡ್‌ಗೂ ಮಸ್ತಕಕ್ಕೂ ಸಂಬಂಧ ಇಲ್ಲ. ಪೆಡ್ ಕೂಡ ಹುಷಾರು, ಲ್ಯಾಟಿನ್‌ದಾದ್ರೆ ಪಾದ, ಪೀಡಿಯಾಟ್ರಿಕ್ಸ್‌ನಲ್ಲಿರೋದು ಗ್ರೀಕ್, ಅಂದ್ರೆ ಮಗು.

ನೂರೈವತ್ತರ ಆಸುಪಾಸು ಬೇರು ಸಾಕು, ಖರ್ಚು ಒಂದು ನೋಟ್‌ಬುಕ್, ಒಂದು ಪೆನ್ನು. ಮೆದುಳಿಂದ ನೇರ ಹೊರಡೋ ಕ್ರೇನಿಯಲ್ ನರ್ವ್‌ಗಳಿಗೆ ನಾನು ಬೇರೆ ಥರ ಪುಟ ಮಡಚ್ತೀನಿ, ಅದನ್ನ ಮಾತ್ರ ಸದ್ಯಕ್ಕೆ ಹೇಳಲ್ಲ.