68000 ಬಸ್ಸಿಗೆ ಎಫ್‌ಪಿಜಿಎ ಜೋಡಿಸುವಾಗ ಯಾವ ತಂತಿಯನ್ನು ಸಿಂಕ್ ಮಾಡಬೇಕು?

ಒಂದು ಕಡೆ 8 ಮೆಗಾಹರ್ಟ್ಸ್‌ನ ಮೊಟೊರೋಲಾ 68000 ಪ್ರೊಸೆಸರ್, ಇನ್ನೊಂದು ಕಡೆ 100 ಮೆಗಾಹರ್ಟ್ಸ್‌ನ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್). ಎರಡರ ಕ್ಲಾಕ್‌ಗೂ ಸಂಬಂಧವಿಲ್ಲ, ಹಾಗಾಗಿ ಬರುವ ಸಿಗ್ನಲ್ ಅನ್ನು ಎಫ್‌ಪಿಜಿಎ ಕ್ಲಾಕಿಗೆ ಹೊಂದಿಸಬೇಕು, ಅಂದರೆ ಸಿಂಕ್ ಮಾಡಬೇಕು. ಪ್ರತಿ ತಂತಿಗೂ ಎರಡೆರಡು ಫ್ಲಿಪ್-ಫ್ಲಾಪ್ (ಕ್ಲಾಕಿಗೊಮ್ಮೆ ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಹಾಕಿಬಿಟ್ಟರೆ ಮುಗಿಯಿತಲ್ಲ ಅನ್ನಿಸುತ್ತದೆ. ನಾನು ಹಾಗೆ ಮಾಡುವುದಿಲ್ಲ. 16 ಬಿಟ್‌ಗಳಲ್ಲಿ ಕೆಲವು ಈ ಕ್ಲಾಕಿನಲ್ಲಿ, ಉಳಿದವು ಮುಂದಿನದರಲ್ಲಿ ದಾಟಿದರೆ, ಬಸ್ಸಿನಲ್ಲಿ ಎಂದೂ ಇರದಿದ್ದ ಸಂಖ್ಯೆ ರಿಜಿಸ್ಟರಿನಲ್ಲಿ ಬಂದು ಕೂರುತ್ತದೆ.

ಸಿಂಕ್ ಮಾಡುವುದು ಸ್ಟ್ರೋಬ್‌ಗಳನ್ನು ಮಾತ್ರ, ಅಂದರೆ ವಿಳಾಸ, ಡೇಟಾಗಳ ಸಮಯವನ್ನು ಕೆಳಗಿಳಿದು ಸೂಚಿಸುವ ತಂತಿಗಳನ್ನು. ಎಎಸ್ (ವಿಳಾಸದ ಸ್ಟ್ರೋಬ್) ಇಳಿಯುವ ಮೊದಲೇ ವಿಳಾಸ ಸ್ಥಿರವಾಗಿರುತ್ತದೆ; ಬರೆಯುವ ಡೇಟಾ ಯುಡಿಎಸ್, ಎಲ್‌ಡಿಎಸ್ (ಡೇಟಾದ ಮೇಲಿನ, ಕೆಳಗಿನ 8 ಬಿಟ್‌ಗಳ ಸ್ಟ್ರೋಬ್‌ಗಳು) ಇಳಿಯುವ ಮೊದಲೇ ಬಂದಿರುತ್ತದೆ. ಸ್ಟ್ರೋಬ್ ಎರಡು ಫ್ಲಾಪ್ ದಾಟಲು ಹೆಚ್ಚುಕಡಿಮೆ 10ರಿಂದ 20 ನ್ಯಾನೊಸೆಕೆಂಡ್. ನಾವು ಡಿಟ್ಯಾಕ್ (ಕೆಲಸ ಆಯಿತು ಎಂಬ ಉತ್ತರ) ಕೊಡುವವರೆಗೆ ಪ್ರೊಸೆಸರ್ ಏನನ್ನೂ ಬದಲಿಸುವುದಿಲ್ಲ, ಹಾಗಾಗಿ ಡೇಟಾವನ್ನು ಪಿನ್ನಿನಿಂದ ನೇರವಾಗಿ ಹಿಡಿಯಬಹುದು.

ಸೈಕಲ್ ಶುರುವಾದದ್ದನ್ನು ಎಎಸ್ ನೋಡಿ ತಿಳಿಯುವುದು ತಪ್ಪು. ಒಂದೇ ಸೈಕಲಿನಲ್ಲಿ ಓದಿ ಬರೆಯುವ ಟಿಎಎಸ್ ಸೂಚನೆಯಲ್ಲಿ ಓದು, ಬರಹ ಎರಡೂ ಮುಗಿಯುವವರೆಗೆ ಎಎಸ್ ಕೆಳಗೇ ಇರುತ್ತದೆ; ನಡುವೆ ಏರಿ ಇಳಿಯುವುದು ಡೇಟಾ ಸ್ಟ್ರೋಬ್‌ಗಳು. ಎಎಸ್ ನಂಬಿದರೆ ಬರಹ ತಪ್ಪಿಹೋಗುತ್ತದೆ.

ಯುಡಿಎಸ್, ಎಲ್‌ಡಿಎಸ್‌ಗಳಲ್ಲಿ ಇನ್ನೊಂದು ಕೊಕ್ಕೆ ಇದೆ. ಎರಡೂ ಒಟ್ಟಿಗೇ ಇಳಿದರೂ ಅವುಗಳ ಸಿಂಕ್ರೊನೈಸರ್‌ಗಳು (ಆ ಎರಡು ಫ್ಲಾಪ್‌ಗಳ ಜೋಡಿಗಳು) ಒಂದು ಕ್ಲಾಕ್ ಹಿಂದೆಮುಂದೆ ಆಗಬಹುದು. ಆ ಕ್ಷಣ ನೋಡಿದವರಿಗೆ 16 ಬಿಟ್ ಬರಹ 8 ಬಿಟ್ಟಿನದಾಗಿ ಕಾಣುತ್ತದೆ. ಅಪರೂಪಕ್ಕೊಮ್ಮೆ ಆಗುವ ತೊಂದರೆಯಿದು, ಆಸಿಲೊಸ್ಕೋಪ್ ಹಿಡಿದು ಕೂತರೆ ಸಿಗುವುದಿಲ್ಲ. ಯಾವುದಾದರೂ ಒಂದು ಕಂಡ ಮೇಲೆ ಇನ್ನೊಂದು ಕ್ಲಾಕ್ ಕಾದು, ಆಮೇಲೆ ಎರಡನ್ನೂ ಓದುತ್ತೇನೆ. ಸಿಮ್ಯುಲೇಟರ್ ಇದನ್ನು ತಾನಾಗಿ ತೋರಿಸದು. ಪರೀಕ್ಷೆಗೆಂದು ಪ್ರತಿ ಸಿಂಕ್ರೊನೈಸರಿಗೂ ಒಮ್ಮೊಮ್ಮೆ ಒಂದು ಕ್ಲಾಕ್ ತಡ ಸೇರಿಸಬೇಕು.

ವಿಳಾಸದ ಡಿಕೋಡ್ (ಆ ವಿಳಾಸ ನಮ್ಮದೇ ಎಂದು ಗುರುತಿಸುವ ಲಾಜಿಕ್) ಫ್ಲಾಪ್‌ಗಳ ನಂತರವೇ ಇರಲಿ. ಮೊದಲೇ ಇಟ್ಟರೆ ಗೇಟುಗಳ ಗ್ಲಿಚ್ ಅನ್ನು, ಅಂದರೆ ಕ್ಷಣಿಕವಾದ ತಪ್ಪು ಪಲ್ಸನ್ನು, ಮೊದಲ ಫ್ಲಾಪ್ ನಿಜವಾದ ಸ್ಟ್ರೋಬ್ ಅಂತ ಹಿಡಿದುಬಿಡುತ್ತದೆ.

ಎಫ್‌ಪಿಜಿಎ ವಿನ್ಯಾಸದ ಟೂಲ್ ಆದ ವಿವಾಡೋದಲ್ಲಿ ಎರಡೂ ಫ್ಲಾಪ್‌ಗಳಿಗೆ ಅಸಿಂಕ್_ರೆಗ್ ಗುರುತು ಹಾಕಲೇಬೇಕು. ಇದರಿಂದ ಅವು ಅಕ್ಕಪಕ್ಕದಲ್ಲಿ ಕೂರುತ್ತವೆ, ಟೂಲ್ ಅವನ್ನು ಶಿಫ್ಟ್ ರಿಜಿಸ್ಟರ್ ಮಾಡುವುದೂ ತಪ್ಪುತ್ತದೆ. ಫಾಲ್ಸ್ ಪಾತ್ (ಟೈಮಿಂಗ್ ಲೆಕ್ಕದಿಂದ ಬಿಡುವ ದಾರಿ) ಪಿನ್ನಿನಿಂದ ಮೊದಲ ಫ್ಲಾಪಿನವರೆಗೆ ಮಾತ್ರ. ಎರಡು ಫ್ಲಾಪ್‌ಗಳ ನಡುವೆ ಉಳಿಯುವ ಸ್ಲ್ಯಾಕ್ (ಮಿಕ್ಕ ಸಮಯ) ಮೆಟಾಸ್ಟೆಬಿಲಿಟಿ, ಅಂದರೆ ಫ್ಲಾಪ್ 0, 1ರ ನಡುವೆ ತೂಗಾಡುವ ಸ್ಥಿತಿ, ಕರಗಲು ಸಿಗುವ ಸಮಯ, ಅದನ್ನು ಕಳೆಯಬಾರದು. ಡೇಟಾ ಪಿನ್ನಿನಿಂದ ರಿಜಿಸ್ಟರ್‌ವರೆಗಿನ ದಾರಿಗೆ 10 ನ್ಯಾನೊಸೆಕೆಂಡ್ ಮಿತಿ ಕೊಡುತ್ತೇನೆ.

5 ವೋಲ್ಟ್ ಸಿಗ್ನಲ್‌ಗಳಿಗೆ 3.3 ವೋಲ್ಟಿನಲ್ಲಿ ನಡೆಯುವ 74ಎಲ್‌ವಿಸಿ245 ಬಫರ್ ಚಿಪ್ ಸಾಕು. ಡಿಟ್ಯಾಕ್ ಓಪನ್ ಡ್ರೈನ್ (ತಂತಿಯನ್ನು ಕೆಳಗೆ ಮಾತ್ರ ಎಳೆಯುವ ಔಟ್‌ಪುಟ್) ಆಗಿರಲಿ. ಓದುವಾಗ ಮೊದಲು ಡೇಟಾ, ಒಂದು ಕ್ಲಾಕ್ ಬಿಟ್ಟು ಡಿಟ್ಯಾಕ್. ಬಸ್ಸನ್ನು ಬಿಡುವಾಗ ಮಾತ್ರ ಸಿಂಕ್ ಆದ ಸಿಗ್ನಲ್‌ಗೆ ಕಾಯದೆ, ಪಿನ್ನಿನ ಸ್ಟ್ರೋಬ್ ಏರಿದ ಕೂಡಲೇ ಔಟ್‌ಪುಟ್ ಮುಚ್ಚುತ್ತೇನೆ.

ಓದಿಗೆ ವೇಟ್ ಸ್ಟೇಟ್ (ಪ್ರೊಸೆಸರ್ ಸುಮ್ಮನೆ ಕಾಯುವ ಕ್ಲಾಕ್) ಬೀಳುವುದಿಲ್ಲ. ಬರಹದಲ್ಲಿ ಸ್ಟ್ರೋಬ್ ಇಳಿಯುವುದೇ ಬಸ್ ಸೈಕಲಿನ ಅರ್ಧ ಕ್ಲಾಕಿನ ಹಂತಗಳಲ್ಲಿ ಒಂದಾದ ಎಸ್4ರಲ್ಲಿ, ಡಿಟ್ಯಾಕ್ ನೋಡುವುದು ಅದರ ಕೊನೆಗೆ. ಹಾಗಾಗಿ ಸಾಮಾನ್ಯವಾಗಿ ಒಂದು ವೇಟ್, ಅಂದರೆ 125 ನ್ಯಾನೊಸೆಕೆಂಡ್ ಹೋಗುತ್ತದೆ.