ನಮ್ಮ ಏರಿಯಾದ ಬೈಕ್ ಕಳ್ಳತನ ಮ್ಯಾಪ್‌ಗೆ ಹಾಕಿದ್ರೆ ಸಮುದ್ರದಲ್ಲಿ ತೋರಿಸ್ತಿತ್ತು, ಹೀಗೆ ಸರಿ ಮಾಡ್ದೆ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಗಲ್ಲಿ ಸುತ್ತ ಬೈಕು ಸ್ಕೂಟಿ ಕಳುವಾಗ್ತಾನೇ ಇತ್ತು, ಸೊಸೈಟಿ ಗ್ರೂಪಲ್ಲಿ ಜನ ಬರೆದಿದ್ದನ್ನೆಲ್ಲ ಎಕ್ಸೆಲ್‌ಗೆ ಹಾಕಿ ಕ್ಯೂಜಿಐಎಸ್‌ನಲ್ಲಿ (ನಕ್ಷೆ ಸಾಫ್ಟ್‌ವೇರ್, ಫ್ರೀ ಇದೆ) ಮ್ಯಾಪ್ ಮಾಡೋಣ ಅಂತ ಕೂತೆ. ನೋಡಿದ್ರೆ ಚುಕ್ಕೆ ಎಲ್ಲಾ ನಾರ್ವೆ ಮೇಲಿನ ಸಮುದ್ರದಲ್ಲಿ! ಪಕ್ಕದ್ಮನೆ ಧಾರವಾಡದ ಕಾಕಾ ಇಣುಕಿ "ಏನೋ ತಮ್ಮಾ, ಕಳ್ಳರು ಈಸಾಕ ಹೋಗ್ಯಾರೇನು" ಅಂದ್ರು.

ತಪ್ಪು ನಂದೇ. ಗೂಗಲ್ ಮ್ಯಾಪ್ಸಿಂದ ಕಾಪಿ ಮಾಡಿದ್ರೆ ಲ್ಯಾಟಿಟ್ಯೂಡ್ (ಅಕ್ಷಾಂಶ) ಮೊದಲು ಬರುತ್ತೆ, 18.5, ಆಮೇಲೆ ಲಾಂಗಿಟ್ಯೂಡ್ (ರೇಖಾಂಶ), 73.8. ಕ್ಯೂಜಿಐಎಸ್‌ಗೆ ಎಕ್ಸ್ ಅಂದ್ರೆ ಲಾಂಗಿಟ್ಯೂಡ್, ನಾನು ಅಲ್ಲಿ ಲ್ಯಾಟಿಟ್ಯೂಡ್ ಕೊಟ್ಟಿದ್ದೆ. ಅದಲುಬದಲು ಮಾಡ್ದೆ, ಎಲ್ಲ ಪುಣೆಗೆ ವಾಪಸ್.

ಆಮೇಲೆ ಹೀಟ್‌ಮ್ಯಾಪ್, ಅಂದ್ರೆ ಚುಕ್ಕೆ ಜಾಸ್ತಿ ಇರೋ ಕಡೆ ಕೆಂಪಾಗಿ ತೋರಿಸೋ ಮ್ಯಾಪ್. 300 ಮೀಟರ್ ಅಂದ್ಕೊಂಡು ರೇಡಿಯಸ್ 300 ಕೊಟ್ಟೆ, ಚುಕ್ಕೆಗಳ ಲೇಯರ್ ಇದ್ದಿದ್ದು ಡಿಗ್ರಿಯಲ್ಲಿ, ಅದು 300 ಡಿಗ್ರಿ ಅಂತ ತಗೊಂಡು ಲ್ಯಾಪ್‌ಟಾಪ್ ಹ್ಯಾಂಗ್. ಇಪಿಎಸ್‌ಜಿ 32643ಕ್ಕೆ, ಅಂದ್ರೆ ಪುಣೆ ಕಡೆ ಜಾಗಾನ ಮೀಟರಲ್ಲಿ ಅಳೆಯೋ ಯುಟಿಎಂ 43 ನಾರ್ತ್ ಪದ್ಧತಿಗೆ, ಲೇಯರ್ ಬದಲಾಯಿಸಿದ್ಮೇಲೆ (ರೀಪ್ರೊಜೆಕ್ಟ್) ಮೀಟರ್ ಲೆಕ್ಕ ಸರಿಹೋಯ್ತು.

ನಿಜವಾಗ್ಲೂ ಯಾಮಾರಿಸಿದ್ದು ಮೂರನೇದು. ಒಂದೇ ಜಾಗ ಕೆಂಡದ ಹಾಗೆ ಕೆಂಪು, ಅಲ್ಲಿ ನಿಂತು ನೋಡಿದ್ರೆ ಪಾರ್ಕಿಂಗೇ ಇಲ್ಲ! ಬರೀ "ಕೋಥ್ರೂಡ್ 411038" ಅಂತ ಬರೆದಿದ್ದ ಅಡ್ರೆಸ್ಸನ್ನೆಲ್ಲ ಜಿಯೋಕೋಡರ್ (ಅಡ್ರೆಸ್ ಕೊಟ್ರೆ ಮ್ಯಾಪಲ್ಲಿ ಜಾಗ ಹುಡುಕೋ ಟೂಲ್) ಒಂದೇ ಬಿಂದುವಲ್ಲಿ ಗುಡ್ಡೆ ಹಾಕಿತ್ತು. ಅವ್ರಿಗೆಲ್ಲ ಫೋನ್ ಮಾಡಿ ಯಾವ ಅಂಗಡಿ ಮುಂದೆ, ಎಷ್ಟೊತ್ತಿಗೆ ಅಂತ ಕೇಳ್ದೆ, ಗೊತ್ತಿಲ್ಲ ಅಂದವ್ರದ್ದು ತೆಗೆದೆ. ಕೆಂಪು ಹೋಗಿ ತರಕಾರಿ ಮಾರ್ಕೆಟ್ ಹಿಂದಿನ ಓಣಿಗೆ ಕೂತ್ಕೊಂಡ್ತು, ಹೆಚ್ಚಿನವು ಸಂಜೆ 7ರಿಂದ 9ರೊಳಗೆ. ಗ್ರೂಪಲ್ಲಿ ಇಲ್ಲದವ್ರ ಕಳ್ಳತನ ಇದರಲ್ಲಿ ಬಂದಿಲ್ಲ ಬಿಡಿ. ಕಾಕಾ ಅಂತೂ ಅವತ್ತಿಂದ ತರಕಾರಿಗೆ ನಡ್ಕೊಂಡೇ ಹೋಗ್ತಾರೆ.